ನಾಲ್ಕೂಕಾಲು ಇಂಚು ಎಲ್ಲಿ ಹೋಯ್ತು? ಒಂದು ಹಳೇ ವಿಂಚೆಸ್ಟರ್ ಗುರುತಿಸಿದ ಪ್ರಕರಣ

ಅಮೆರಿಕದ ವಿಂಚೆಸ್ಟರ್ ಕಂಪನಿಯ ಈ ಹಳೇ ಕೋವಿಯ ಬಗ್ಗೆ ನಾನು ಬರೆದ ಮೊದಲ ಸಾಲೇ ತಪ್ಪಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕೊಲರಾಡೋದ ಒಂದು ಸಣ್ಣ ಊರಿನ ಮ್ಯೂಸಿಯಂಗೆ ಶನಿವಾರ ಶನಿವಾರ ಹೋಗಿ ಕೈಲಾದ ಕೆಲಸ ಮಾಡಿಕೊಡುತ್ತೇನೆ. ಸಂಬಳ ಇಲ್ಲ, ಕಾಫಿ ಇದೆ. ವಾರವಿಡೀ ಕಂಪ್ಯೂಟರ್ ನೋಡುವವನಿಗೆ ಹಳೇ ಕಬ್ಬಿಣ, ಹಳೇ ಮರ ಮುಟ್ಟುವುದೇ ಒಂದು ಸುಖ. ಅಲ್ಲಿಗೆ ಬರುವ ಹಳೇ ಬಂದೂಕುಗಳ ವಿವರ ಬರೆಯುವ ಕೆಲಸ ಹೇಗೋ ನನ್ನ ತಲೆಗೆ ಬಂತು. ಊರಿನ ಹೆಸರು, ಮನೆತನದ ಹೆಸರು, ಕೋವಿಯ ನಂಬರ್ ಯಾವುದನ್ನೂ ಇಲ್ಲಿ ಬರೆದಿಲ್ಲ. ಉಳಿದಿದ್ದು ನಡೆದ ಹಾಗೇ ಇದೆ.

ಬಂದಿದ್ದು ಏನು

ಎಂಬತ್ತು ದಾಟಿದ ಒಬ್ಬ ಹೆಂಗಸು ತಮ್ಮ ಮನೆಯ ರೈಫಲ್ ಒಂದನ್ನು ಮ್ಯೂಸಿಯಂಗೆ ಕೊಡಲು ಒಪ್ಪಿದ್ದರು. ಅದರ ಜೊತೆಗೆ, ಟ್ರಿಗರ್ ಸುತ್ತಿನ ಬಳೆಗೆ ದಾರದಲ್ಲಿ ಕಟ್ಟಿದ ಒಂದು ರಟ್ಟಿನ ಚೀಟಿ. ಅವರ ಸೋದರತ್ತೆ ಬರೆದಿದ್ದಂತೆ. ಶಾಯಿ ಕಂದು ತಿರುಗಿತ್ತು. ಚೀಟಿಯಲ್ಲಿದ್ದ ಸಾರ ಇಷ್ಟು: ವಿಂಚೆಸ್ಟರ್ 1873 ಕಾರ್ಬೈನ್, ಮುತ್ತಜ್ಜ 1879ರಲ್ಲಿ ಹೊಸದಾಗಿ ಕೊಂಡದ್ದು, ದನದ ಹಿಂಡು ಹೊಡೆದುಕೊಂಡು ಬರುವಾಗ ಜೊತೆಗಿದ್ದದ್ದು.

ನೋಡಿದರೆ ಒಂದೇ ಮಾತು. ಬಿಡಿಸಿದರೆ ಮೂರು. ಮಾಡೆಲ್ 1873. ವರ್ಷ 1879. ಜಾತಿ ಕಾರ್ಬೈನ್, ಅಂದರೆ ಕುದುರೆ ಸವಾರರ ಗಿಡ್ಡ ಕೋವಿ. ಈ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು ಅನ್ನುವ ಬುದ್ಧಿ ನನಗೆ ಆವತ್ತೇ ಬಂದಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ವರ್ಷಕ್ಕೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು? ಒಂದು ಕಾರಣ ಕಾನೂನು. ಅಮೆರಿಕದ 1968ರ ಬಂದೂಕು ಕಾಯ್ದೆ ಪ್ರಕಾರ 1898ರ ಒಳಗೆ ತಯಾರಾದದ್ದು ಆಂಟಿಕ್. ಅದರ ಕಾಗದಪತ್ರ ಸಲೀಸು. 1899ರದ್ದಾದರೆ ಬೇರೆಯೇ ಲೆಕ್ಕ. ಇನ್ನೊಂದು ಕಾರಣ ವಿಮೆ. ಅದರ ಕಥೆ ಆಮೇಲೆ.

ಈ ವಿಂಚೆಸ್ಟರ್ ಲಿವರ್-ಆಕ್ಷನ್ ಜಾತಿಯದು. ಅಂಥ ಕೋವಿ ನೋಡದವರಿಗೆ ಎರಡು ಮಾತು. ಟ್ರಿಗರ್ ಸುತ್ತಿನ ಬಳೆ ಹಿಂದಕ್ಕೆ ಉದ್ದವಾಗಿ ಬೆಳೆದು, ನಾಲ್ಕು ಬೆರಳು ತೂರಿಸುವ ಹಿಡಿಯಾಗಿರುತ್ತದೆ. ಅದನ್ನು ಕೆಳಕ್ಕೆ ತಳ್ಳಿದರೆ ಖಾಲಿ ತೋಟಾ ಹೊರಗೆ ಹಾರುತ್ತದೆ. ವಾಪಸ್ ಎಳೆದರೆ ಹೊಸದು ಒಳಗೆ ಕೂರುತ್ತದೆ. ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿ ಮಲಗಿರುತ್ತವೆ. 1860ರ ಹೆನ್ರಿ ರೈಫಲ್‌ನಿಂದ ಈ ವಂಶ ಶುರು. ಅದರಲ್ಲಿ ಕೊಳವೆಗೆ ಮುಂದಿನಿಂದ ತೋಟಾ ತುಂಬಬೇಕಿತ್ತು, ನಳಿಗೆ ಕೆಳಗೆ ಮರವೂ ಇರಲಿಲ್ಲ. 1866ರ ವಿಂಚೆಸ್ಟರ್‌ನಲ್ಲಿ ಬಲಗಡೆ ಪಕ್ಕೆಗೆ ಸ್ಪ್ರಿಂಗ್ ಬಾಗಿಲು ಬಂತು, ನಳಿಗೆ ಕೆಳಗೆ ಮುಂದಿನ ಕೈ ಹಿಡಿಯುವ ಜಾಗಕ್ಕೆ (ಅದಕ್ಕೆ ಮುಂಗೈ ಅನ್ನೋಣ) ಮರ ಬಂತು. ಆದರೆ ಮೈ ಹೆನ್ರಿಯ ಹಾಗೇ ಹಳದಿ ಲೋಹದ್ದೇ. 1873ರಲ್ಲಿ ಮೈ ಕಬ್ಬಿಣವಾಯಿತು, ಆಮೇಲೆ ಉಕ್ಕಾಯಿತು. ಈ 1873 ಒಂದನ್ನೇ ಸುಮಾರು 7,20,000 ಮಾಡಿದರು. ನಂತರದ 1886, 1892, 1894, 1895 ಎಲ್ಲ ಜಾನ್ ಬ್ರೌನಿಂಗ್ ತಲೆಯಿಂದ ಬಂದವು. ನಮ್ಮ ಕಡೆಯ ಹಳೇ ಬೇಟೆ ಕಥೆ ಓದಿದವರಿಗೆ .405 ವಿಂಚೆಸ್ಟರ್ ಹೆಸರು ಗೊತ್ತಿರುತ್ತೆ ಅಲ್ವಾ? ಅದು 1895ರ ಮಾಡೆಲ್. ಕೊಳವೆಯೇ ಇಲ್ಲ, ಹೊಟ್ಟೆಯ ಕೆಳಗೆ ಡಬ್ಬಿ ಇರುತ್ತದೆ. ಹಾಗಾಗಿ ಸುಮ್ನೆ ‘ವಿಂಚೆಸ್ಟರ್’ ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ.

ಮೊದಲ ತಪ್ಪು

ಕೋವಿ ಕೈಗೆ ಬರುವ ಮುಂಚೆ ಫೋಟೋ ಬಂತು. ಆಕೆಯ ಮಗ ಮೊಬೈಲಲ್ಲಿ ತೆಗೆದದ್ದು. ಅಡುಗೆಮನೆ ಮೇಜಿನ ಮೇಲೆ, ಎಡಗಡೆ ಪಕ್ಕೆ ಮಾತ್ರ, ಅರ್ಧ ನೆರಳು. ನಾನು ನೋಡಿದ ಕೂಡಲೇ ಬರೆದೆ: “ಮೇಲೆ ಧೂಳಿನ ಮುಚ್ಚಳ ಇಲ್ಲ. ಇದು 1873 ಅಲ್ಲ, 1892.”

1873ರ ನೆತ್ತಿಯ ಮೇಲೆ ಒಂದು ಜಾರುವ ತಗಡಿನ ಮುಚ್ಚಳ ಇರುತ್ತದೆ. ಒಳಗೆ ಧೂಳು ಹೋಗದ ಹಾಗೆ. 1892ಕ್ಕೆ ಅದಿಲ್ಲ. ಅಷ್ಟನ್ನೇ ಹಿಡಿದು ನಾನು ತೀರ್ಪು ಕೊಟ್ಟೆ. ಸಿನಿಮಾ ನೋಡಿ ನೋಡಿ ಕಣ್ಣು ಕೆಟ್ಟಿದ್ದೂ ಇರಬಹುದು. 1870ರ ದಶಕದ ಕಥೆ ಅಂತ ಹೇಳುವ ಎಷ್ಟೋ ಕೌಬಾಯ್ ಸಿನಿಮಾಗಳಲ್ಲಿ ನಾಯಕನ ಕೈಲಿರುವುದು 1892ರ ಕೋವಿ, ಇನ್ನೂ ಹುಟ್ಟಿರದ ಕೋವಿ. ಆ ಗಿಡ್ಡ ಕೋವಿಯ ಆಕಾರ ಮನಸ್ಸಲ್ಲಿ ಕೂತುಬಿಟ್ಟಿರುತ್ತದೆ.

ಮುಚ್ಚಳ ಕಳೆದುಹೋಗಿರಬಹುದು ಅಂತ ಹೊಳೆಯಲೇ ಇಲ್ಲ. ಎಷ್ಟೋ ಜನ ಅದನ್ನು ಕಿತ್ತು ಬಿಸಾಕುತ್ತಿದ್ದರು. ಒಂದು ವಸ್ತು ಕಾಣುತ್ತಿಲ್ಲ ಅನ್ನುವುದನ್ನೇ ಗುರುತು ಅಂದುಕೊಂಡಿದ್ದೆ.

ಎರಡು ವಾರ ಬಿಟ್ಟು ಕೋವಿ ಮೇಜಿಗೆ ಬಂತು. ಮೊದಲ ಕೆಲಸ ಗುರುತಿಸುವುದಲ್ಲ, ಖಾಲಿ ಇದೆಯಾ ನೋಡುವುದು. ನಳಿಗೆಯ ಬಾಯಿ ಗೋಡೆ ಕಡೆಗೆ. ಲಿವರ್ ಇಳಿಸಿ ಒಳಗೆ ಇಣುಕಿದೆ. ಕೊಳವೆಯಲ್ಲೂ ಏನೂ ಇರಲಿಲ್ಲ. ಬಾಯಿಂದ ತೆಳ್ಳಗಿನ ಮರದ ಕಡ್ಡಿ ಇಳಿಸಿದೆ, ತಡೆಯಿಲ್ಲದೆ ಕೊನೆವರೆಗೂ ಹೋಯಿತು. ಎಷ್ಟೋ ವರ್ಷ ಅಟ್ಟದ ಮೇಲಿದ್ದ ಕೋವಿಯಲ್ಲೂ ತೋಟಾ ಇರಬಹುದು.

ಆಮೇಲೆ ದೀಪ ಹತ್ತಿರ ಎಳೆದುಕೊಂಡೆ. ಫೋಟೋದಲ್ಲಿ ನೆರಳಿದ್ದ ಜಾಗದಲ್ಲಿ ಒಂದು ಕೂದಲೆಳೆಯಷ್ಟು ಸಂದು. ಅದರ ಜಾಡು ಹಿಡಿದು ಉಗುರು ಓಡಿಸಿದರೆ ಪಕ್ಕೆಯ ಮೇಲೆ ಒಂದು ಇಡೀ ಆಕಾರ ಮೂಡಿತು. ಬಿಚ್ಚಿ ತೆಗೆಯಬಹುದಾದ ಪಕ್ಕೆ ಫಲಕ ಅದು. ಇನ್ನೊಂದು ಪಕ್ಕೆಯಲ್ಲೂ ಇತ್ತು. 1892ರ ಪಕ್ಕೆ ನುಣ್ಣಗೆ, ಒಂದೇ ತುಂಡು. ಹೊಟ್ಟೆಯ ಕೆಳಗೆ ನೋಡಿದರೆ ಹಿತ್ತಾಳೆ ಮಿಣುಕಿತು. ತೋಟಾ ಎತ್ತಿಕೊಡುವ ಭಾಗ 1873ರಲ್ಲಿ ಹಿತ್ತಾಳೆಯದು. 1892ರಲ್ಲಿ ಹ್ಯಾಮರ್, ಅಂದರೆ ಗುಂಡು ಹಾರಿಸಲು ಬಡಿಯುವ ಸುತ್ತಿಗೆಯ ಮುಂದೆ ಎರಡು ಕಂಬಿ ನೆಟ್ಟಗೆ ಮೇಲೇಳುತ್ತವೆ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್‌ಗೆ ಬೀಗ ಹಾಕಲು. ಅವು ಇಲ್ಲಿ ಇರಲಿಲ್ಲ. ನೆತ್ತಿಯ ಮೇಲೆ ಮುಚ್ಚಳ ಜಾರುವ ಕಂಬಿ ಮಾತ್ರ ಉಳಿದಿತ್ತು, ಮುಚ್ಚಳ ಹೋಗಿತ್ತು. ಹ್ಯಾಮರ್ ಹಿಂದಿನ ಪಟ್ಟಿಯ ಮೇಲೆ ಹೆಬ್ಬೆರಳು ಉಜ್ಜಿ ಉಜ್ಜಿ ಸವೆದು ಮಸುಕಾದ ಅಕ್ಷರ: ‘ಮಾಡೆಲ್ 1873’.

ಚೀಟಿಯ ಮೊದಲ ಮಾತು ಸರಿ. ತಪ್ಪಿದ್ದು ನಾನು.

ವರ್ಷ ಜಾರಿದ್ದು

ಆ ಕಂಬಿಯೇ ಎರಡನೇ ಮಾತಿಗೂ ಸಾಕ್ಷಿ ಹೇಳಿತು. 1873 ಐವತ್ತು ವರ್ಷದ ಹತ್ತಿರ ತಯಾರಾಯಿತು. ಅದರಲ್ಲಿ ಮೂರು ತಲೆಮಾರು ಉಂಟು. ಮೊದಲನೆಯದರಲ್ಲಿ ಮುಚ್ಚಳ ರಿಸೀವರ್‌ನ, ಅಂದರೆ ಯಂತ್ರವೆಲ್ಲ ಕೂತಿರುವ ಲೋಹದ ಮೈಯ, ಎರಡು ಬದಿಯ ಕಚ್ಚಿನಲ್ಲಿ ಜಾರುತ್ತದೆ. ಎರಡನೆಯದರಲ್ಲಿ ನಡುವೆ ಒಂದು ಬಿಡಿ ಕಂಬಿ, ಎರಡು ಸ್ಕ್ರೂ ಹಾಕಿ ಕೂರಿಸಿದ್ದು. ಮೂರನೆಯದರಲ್ಲಿ ಕಂಬಿ ಮೈಯ ಜೊತೆಗೇ ಒಂದಾಗಿ ಕೊರೆದದ್ದು, ಸ್ಕ್ರೂ ಇಲ್ಲ. ಈ ಮೂರನೆಯದು ಬಂದದ್ದು 1880ರ ದಶಕದಲ್ಲಿ.

ಕಂಬಿಯ ಮೇಲೆ ಎಣ್ಣೆ, ಧೂಳು ಸೇರಿ ಅಂಟಿನ ಹಾಗೆ ಗಟ್ಟಿಯಾಗಿತ್ತು. ಅದರಲ್ಲಿ ಎರಡು ಗುಂಡಗಿನ ಕಲೆ. ನನಗೆ ಸ್ಕ್ರೂ ತಲೆ ಅಂತಲೇ ಕಂಡಿತು. ‘ಎರಡನೇ ತಲೆಮಾರು, 1879 ಹೊಂದುತ್ತೆ’ ಅಂತ ಬರೆಯಲು ಪೆನ್ನು ಎತ್ತಿದೆ. ಮ್ಯೂಸಿಯಂನ ಉಸ್ತುವಾರಿ ನೋಡುವ ಕ್ಯುರೇಟರ್ ತಡೆದರು. ಒಂದು ಸಲ ಪೆಟ್ಟು ತಿಂದವನು ಅಂತ ಅವರಿಗೆ ನೆನಪಿತ್ತು. ಹತ್ತಿ ಬಟ್ಟೆಗೆ ಒಂದು ಹನಿ ಎಣ್ಣೆ ಮುಟ್ಟಿಸಿ ಅರ್ಧ ಗಂಟೆ ಮೆತ್ತಗೆ ಒರೆಸಿದೆವು. ಉಜ್ಜಲಿಲ್ಲ. ಬಣ್ಣ ತೆಗೆಯುವ ಪುಡಿ, ತಂತಿ ಬ್ರಷ್ಷು ಯಾವುದೂ ಹಳೇ ಕೋವಿಯ ಹತ್ತಿರ ಸುಳಿಯಬಾರದು. ಕಲೆಗಳು ಬಟ್ಟೆಗೆ ಬಂದವು. ಕೆಳಗೆ ಸ್ಕ್ರೂ ಇರಲಿಲ್ಲ.

ನಳಿಗೆಯ ಮೇಲಿನ ಮುದ್ರೆ ಇನ್ನೊಂದು ಮೊಳೆ ಹೊಡೆಯಿತು. ‘32 ಡಬ್ಲ್ಯು.ಸಿ.ಎಫ್.’ ಅಂತ ಇತ್ತು. ವಿಂಚೆಸ್ಟರ್ ಸೆಂಟರ್ ಫೈರ್ ಅಂತ ಅದರ ಅರ್ಥ. ಜನ ಕರೆಯುವುದು 32-20 ಅಂತ. ಆ 20 ಅಂದರೆ ತೋಟಾದೊಳಗಿನ 20 ಗ್ರೇನ್ ಕರಿಮದ್ದು. 1873 ಹುಟ್ಟಿದ್ದು 44-40 ತೋಟಾದ ಜೊತೆ. ಆಮೇಲೆ 38-40 ಬಂತು. 32-20 ಬಂದದ್ದು 1882ರಲ್ಲಿ. 1879ರಲ್ಲಿ ಯಾರ ಅಂಗಡಿಯಲ್ಲೂ ಈ ಕೋವಿ ಸಿಗುವ ಹಾಗಿರಲಿಲ್ಲ. ಹಿತ್ತಾಳೆಯ ಭಾಗದ ತಳದಲ್ಲೂ 32 ಅಂತ ಇತ್ತು. ಅಂದರೆ ನಳಿಗೆ ಒಂದು ಕೋವಿಯದು, ಹೊಟ್ಟೆ ಇನ್ನೊಂದರದು ಅನ್ನುವ ಅನುಮಾನಕ್ಕೂ ಜಾಗ ಉಳಿಯಲಿಲ್ಲ.

ಇಷ್ಟಾದ ಮೇಲೆ ನಂಬರ್ ನೋಡಿದೆ. 1873ರಲ್ಲಿ ಅದು ಲಿವರ್ ಹಿಂದೆ, ಹಿಡಿಯ ತಳದ ಕಬ್ಬಿಣದ ಪಟ್ಟಿಯ ಮೇಲಿರುತ್ತದೆ. 1892ರಲ್ಲೋ 1894ರಲ್ಲೋ ಆದರೆ ರಿಸೀವರ್‌ನ ತಳದಲ್ಲಿ, ಮುಂದುಗಡೆ. ನಂಬರ್ ಎಲ್ಲಿದೆ ಅನ್ನುವುದೂ ಒಂದು ಗುರುತೇ. ನಾಲ್ಕು ಲಕ್ಷದ ಮೇಲಿನ ನಂಬರ್ ಅದು. 1890ರ ದಶಕದ ಕೋವಿ.

ನಂಬರನ್ನೇ ಮೊದಲು ನೋಡಿದ್ದರೆ ಆಗುತ್ತಿರಲಿಲ್ಲವಾ ಅಂತ ಓದುಗರು ಕೇಳಬಹುದು. ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ನಂಬರ್ ಗೊತ್ತಾದರೆ ಕಣ್ಣು ಸೋಮಾರಿಯಾಗುತ್ತದೆ. ಮಿಕ್ಕ ಗುರುತುಗಳನ್ನು ನಂಬರಿಗೆ ಹೊಂದುವ ಹಾಗೆಯೇ ಓದಿಕೊಳ್ಳುತ್ತೇವೆ.

ಕಾರ್ಬೈನಾ, ಅಲ್ವಾ?

ಇನ್ನು ಮೂರನೇ ಮಾತು. ನಿಜವಾದ ತೊಡಕು ಇಲ್ಲೇ.

ಕೋವಿ ಗಿಡ್ಡವಾಗಿತ್ತು. ಬೋಲ್ಟ್ ಮುಚ್ಚಿ, ಬಾಯಿಂದ ಕಡ್ಡಿ ಇಳಿಸಿ, ಗುರುತು ಹಾಕಿ ಅಳೆದೆ. 19 ಮುಕ್ಕಾಲು ಇಂಚು. 1873ರ ಕಾರ್ಬೈನ್ 20 ಇಂಚು, ರೈಫಲ್ 24 ಇಂಚು. ಅಳತೆ ಕೇಳಿದರೆ ಕಾರ್ಬೈನ್ ಅನ್ನುತ್ತೆ. ಆದರೆ ಮೈ ಬೇರೆಯೇ ಹೇಳುತ್ತಿತ್ತು. ಕಾರ್ಬೈನಿನ ನಳಿಗೆ ಗುಂಡಗೆ, ಇದು ಎಂಟು ಮೂಲೆಯದು. ಕಾರ್ಬೈನಿಗೆ ನಳಿಗೆ, ಕೊಳವೆ ಸೇರಿಸಿ ಕಟ್ಟಿದ ಪಟ್ಟಿ ಬಳೆಗಳಿರುತ್ತವೆ. ಇದಕ್ಕೆ ಮುಂಗೈ ಮರದ ತುದಿಗೆ ಉಕ್ಕಿನ ಟೊಪ್ಪಿ. ಕಾರ್ಬೈನಿನ ಎಡ ಪಕ್ಕೆಗೆ ಜೀನಿಗೆ ಸಿಕ್ಕಿಸುವ ಉಂಗುರ ಇರುತ್ತದೆ. ಇಲ್ಲಿ ಉಂಗುರವೂ ಇಲ್ಲ, ಇದ್ದು ಮುಚ್ಚಿದ ತೂತೂ ಇಲ್ಲ. ಹೆಗಲಿಗೆ ಒತ್ತುವ ತಗಡು ಬಿದಿಗೆ ಚಂದ್ರನ ಹಾಗೆ ಒಳಗೆ ಬಾಗಿತ್ತು. ಅದು ರೈಫಲ್ಲಿನ ಲಕ್ಷಣ.

ಅಂದರೆ ರೈಫಲ್ಲಿನ ಮೈಗೆ ಕಾರ್ಬೈನಿನ ಉದ್ದ. ಇದಕ್ಕೆ ಎರಡು ಅರ್ಥ. ಒಂದು, ಗಿರಾಕಿ ಕೇಳಿ ಫ್ಯಾಕ್ಟರಿಯಲ್ಲೇ ಗಿಡ್ಡ ಮಾಡಿಸಿದ್ದು. ವಿಂಚೆಸ್ಟರ್ ಅಂಥ ಆರ್ಡರ್ ತೆಗೆದುಕೊಳ್ಳುತ್ತಿತ್ತು, ಬೇಕಾದ ಉದ್ದ, ಬೇಕಾದ ಮರ, ಬೇಕಾದ ಟ್ರಿಗರ್. ಅಂಥವು ಕಮ್ಮಿ, ಬೆಲೆ ಜಾಸ್ತಿ. ಇನ್ನೊಂದು, ಯಾರೋ ಕೊಯ್ದದ್ದು. ಹಾಗಾದರೆ ಬೆಲೆ ಬಿತ್ತು.

ಆಕೆಯ ಮಗನಿಗೆ ಮೊದಲನೆಯದೇ ಬೇಕಿತ್ತು. ವಿಮೆಯ ಅರ್ಜಿಯಲ್ಲಿ ಆಗಲೇ ಹಾಗೆ ಬರೆದಿದ್ದ. ಒಪ್ಪಿಕೊಳ್ಳುತ್ತೇನೆ, ನನಗೂ ಅದೇ ಆಸೆ ಇತ್ತು. ಅಪರೂಪದ ಕೋವಿ ನಮ್ಮ ಮೇಜಿನ ಮೇಲೆ ಬಂದಿದೆ ಅಂದರೆ ಯಾರಿಗೆ ಬೇಡ? ಎರಡು ಶನಿವಾರ ಅದನ್ನು ನೋಡಿದೆ. ರಿಸೀವರ್ ನೋಡಿದೆ, ಮುದ್ರೆ ನೋಡಿದೆ, ಮರ ನೋಡಿದೆ. ಬಾಯಿ ಕಡೆ ಅಷ್ಟಾಗಿ ನೋಡಲಿಲ್ಲ. ಯಾಕೆ ನೋಡಲಿಲ್ಲ ಅನ್ನುವುದು ಈಗ ಗೊತ್ತಾಗುತ್ತದೆ.

ಮೂರನೇ ಶನಿವಾರ ಒಬ್ಬ ಗೆಳೆಯ ಜೊತೆಗೆ ಬಂದ. ಕೊಡಗಿನವನು, ಇಲ್ಲೇ ಕೆಲಸದಲ್ಲಿದ್ದಾನೆ. ವಿಂಚೆಸ್ಟರ್ ಬಗ್ಗೆ ಅವನಿಗೆ ಏನೂ ಗೊತ್ತಿಲ್ಲ. ಆದರೆ ಕೋವಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವನು. ಕೈಗೆ ತೆಗೆದುಕೊಂಡವನೇ ಖಾಲಿ ಇದೆಯಾ ನೋಡಿದ, ಬಾಯಿ ಕಡೆ ತಿರುಗಿಸಿದ, ತೋರುಬೆರಳಿಂದ ಅಂಚು ಸವರಿದ.

“ಅಣ್ಣ, ಇದು ಮನೇಲಿ ಕೊಯ್ದಿದ್ದು.”

“ಹೆಂಗೆ ಹೇಳ್ತೀಯಾ?”

“ಕೈ ಹಾಕಿ ನೋಡಿ. ಅರದ ಗೆರೆ ಸಿಗುತ್ತೆ.”

ಸಿಕ್ಕಿತು. ಬರಿಗಣ್ಣಿಗೆ ಥಟ್ಟನೆ ಕಾಣದ ಸಣ್ಣ ಸಣ್ಣ ಗೆರೆ, ಎಲ್ಲ ಒಂದೇ ಕಡೆಗೆ ವಾಲಿದ್ದವು. ಕೈಯಲ್ಲಿ ಅರ ಹಿಡಿದು ಒಂದೇ ದಿಕ್ಕಿಗೆ ಉಜ್ಜಿದ ಹಾಗೆ. ಲೇತಿನಲ್ಲಿ ತಿರುಗಿಸಿ ಮಾಡಿದ್ದರೆ ಗೆರೆ ಸುತ್ತಾಗಿ ಬರುತ್ತಿತ್ತು. ಭೂತಗನ್ನಡಿ ತಂದೆ. ಬಾಯಿಯ ಮುಖವೂ ಕೂದಲೆಳೆಯಷ್ಟು ಓರೆ. ಎದುರಿನ ಗುರಿಕಡ್ಡಿ ಕೂರುವ ಕಚ್ಚು ಒಂದು ಕಡೆ ಆಳ, ಇನ್ನೊಂದು ಕಡೆ ಮೇಲೆ. ಗುರಿಕಡ್ಡಿಯೂ ಮೂಲದ್ದಲ್ಲ, ಯಾವುದೋ ತಾಮ್ರದ ಚೂರನ್ನು ಉಜ್ಜಿ ಕೂರಿಸಿದ್ದು. ಕೊಳವೆಯನ್ನು ನಳಿಗೆಗೆ ಹಿಡಿದಿಡುವ ಉಂಗುರ ಫ್ಯಾಕ್ಟರಿ ರೈಫಲ್ಲಿನಲ್ಲಿ ಬಾಯಿಂದ ಕೆಲವು ಇಂಚು ಹಿಂದೆ ಇರುತ್ತದೆ. ಇಲ್ಲಿ ಅದು ಬಾಯಿಗೆ ಹೆಚ್ಚು ಕಮ್ಮಿ ಮುತ್ತಿಡುತ್ತಿತ್ತು. ಉಂಗುರ ಜಾಗ ಬಿಟ್ಟಿಲ್ಲ, ಬಾಯಿಯೇ ಹಿಂದಕ್ಕೆ ಬಂದಿದೆ.

ಬಾಯಿಯನ್ನೇ ಯಾಕೆ ಮೊದಲು ನೋಡಿದೆ ಅಂತ ಕೇಳಿದೆ. ನಕ್ಕ. ಕೊಡಗಿನಲ್ಲಿ ಆಯುಧ ಪೂಜೆ ಮಾಡುವ ಕೈಲ್ ಮುಹೂರ್ತದ ದಿನ ಕೋವಿಗಳನ್ನೆಲ್ಲ ಒರೆಸಿ, ಸಾಲಾಗಿ ಇಟ್ಟು, ನಳಿಗೆಯ ಬಾಯಿಗೆ ತೋಕ್ ಪೂ, ಅಂದರೆ ಕೋವಿ ಹೂ ಸಿಕ್ಕಿಸುತ್ತಾರೆ. ಚಿಕ್ಕವನಿದ್ದಾಗ ಅವನ ಪಾಲಿನ ಕೆಲಸ ಅದೇ. ಹೂವಿನ ದಂಟು ಸಿಕ್ಕಿಸುವಾಗ ಅಂಚು ಒರಟಾಗಿದ್ದರೆ ಬೆರಳಿಗೆ ಗೊತ್ತಾಗುತ್ತಿತ್ತಂತೆ.

ಕಾಗದ ಬಂತು

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಮಗ ಒಪ್ಪುವ ಹಾಗಿರಲಿಲ್ಲ. ವಯೋಮಿಂಗ್‌ನ ಕೋಡಿ ಊರಲ್ಲಿರುವ ಬಂದೂಕು ಮ್ಯೂಸಿಯಂನಲ್ಲಿ ವಿಂಚೆಸ್ಟರ್ ಫ್ಯಾಕ್ಟರಿಯ ಹಳೇ ಲೆಡ್ಜರ್‌ಗಳಿವೆ. ನಂಬರ್ ಕೊಟ್ಟು, ಶುಲ್ಕ ಕಟ್ಟಿದರೆ ಅದರಲ್ಲಿದ್ದದ್ದನ್ನು ಬರೆದು ಕಳಿಸುತ್ತಾರೆ. ಕಳಿಸಿದರು. ರೈಫಲ್. ಎಂಟು ಮೂಲೆಯ ನಳಿಗೆ. 32 ಕ್ಯಾಲಿಬರ್. ಸಾದಾ ಟ್ರಿಗರ್. 1890ರ ದಶಕದ ನಡುವಿನ ಒಂದು ತಾರೀಕು. ಗಿರಾಕಿ ಬೇರೆ ಉದ್ದ ಕೇಳಿದ್ದರೆ ಅದನ್ನು ಬರೆಯುವ ರೂಢಿ ಇತ್ತು. ಇಲ್ಲಿ ಬರೆದಿರಲಿಲ್ಲ. ರಿಪೇರಿಗೆ ವಾಪಸ್ ಬಂದ ಗುರುತೂ ಇಲ್ಲ. ನಳಿಗೆಯೂ ಅದಕ್ಕೆ ತಾಳೆಯಾಯಿತು. 1905ರಿಂದ ವಿಂಚೆಸ್ಟರ್ ಒಂದು ಮೊಟ್ಟೆಯಾಕಾರದೊಳಗೆ ಡಬ್ಲ್ಯು, ಪಿ ಅಕ್ಷರ ಒತ್ತಲು ಶುರು ಮಾಡಿತು. ಆಮೇಲೆ ಫ್ಯಾಕ್ಟರಿಯಲ್ಲಿ ನಳಿಗೆ ಬದಲಾಗಿದ್ದರೆ ಆ ಮುದ್ರೆ ಇರಬೇಕಿತ್ತು. ಇರಲಿಲ್ಲ.

ಕೊಂಡವರ ಹೆಸರೂ ಇರಲಿಲ್ಲ. ವಿಂಚೆಸ್ಟರ್ ಲೆಡ್ಜರ್‌ನಲ್ಲಿ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ಮುತ್ತಜ್ಜನ ಹೆಸರು ನೋಡುವ ಆಸೆಯಿಂದಲೇ ಆಕೆ ಶುಲ್ಕ ಕಟ್ಟಿದ್ದರು.

ಹೇಳುವುದು ಹೇಗೆ

ವರದಿ ಬರೆದು ಈಮೇಲ್ ಮಾಡೋಣ ಅಂತ ನಾನು. ಬೇಡ, ಮನೆಗೆ ಹೋಗೋಣ ಅಂತ ಕ್ಯುರೇಟರ್. ಈ ಇಡೀ ಪ್ರಕರಣದಲ್ಲಿ ನಾವು ತೆಗೆದುಕೊಂಡ ಒಳ್ಳೇ ನಿರ್ಧಾರ ಅದೇ, ಅದೂ ನನ್ನದಲ್ಲ. ಕೋವಿಯನ್ನೂ ತೆಗೆದುಕೊಂಡು ಹೋದೆವು. ‘ಇದು ಕಾರ್ಬೈನ್ ಅಲ್ಲ’ ಅಂತ ಶುರು ಮಾಡಲಿಲ್ಲ. ಕ್ಯುರೇಟರ್ ಬಾಯಿ ಕಡೆ ತೋರಿಸಿ ಕೇಳಿದ್ದು ಒಂದೇ: “ಇಲ್ಲಿ ಏನಾಗಿತ್ತು, ನೆನಪಿದೆಯಾ?”

ಆಕೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, “ಓ, ಅದು ಅಪ್ಪನ ಕೆಲಸ” ಅಂದರು.

ಹೊಲಕ್ಕೆ ನೀರು ಬಿಡುವ ಕಾಲುವೆಯಲ್ಲಿ ಕೋವಿ ಬಿದ್ದಿತ್ತಂತೆ. ಬಾಯಿಗೆ ಕೆಸರು ತುಂಬಿದ್ದು ನೋಡದೆ ಅವರಪ್ಪ ಯಾವುದೋ ಪ್ರಾಣಿಗೆ ಗುಂಡು ಹೊಡೆದರು. ನಳಿಗೆಯ ತುದಿ ಉಬ್ಬಿತು. ಕೊಟ್ಟಿಗೆಯಲ್ಲಿ ವೈಸಿಗೆ ಕಚ್ಚಿಸಿ, ಹ್ಯಾಕ್ಸಾ ಹಿಡಿದು ಉಬ್ಬಿದ ಭಾಗ ಕೊಯ್ದರು. ಆಕೆಗೆ ಆಗ ಎಂಟೋ ಒಂಬತ್ತೋ. ಲಾಂದ್ರ ಹಿಡಿದು ನಿಂತಿದ್ದು ಅವರೇ. ಅಲುಗಾಡಿಸಬೇಡ ಅಂತ ಅಪ್ಪ ಬೈಯುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ ಅಂದರು. ಮುಖ ಓರೆಯಾದದ್ದಕ್ಕೆ ತಮ್ಮ ಕೈಯೇ ಕಾರಣ ಅಂತ ನಗಾಡಿದರು. ಮಗ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಅವನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಚೀಟಿಯಲ್ಲಿ ಕಾರ್ಬೈನ್ ಅಂತ ಇತ್ತಲ್ಲ!

1879ರ ಗುಟ್ಟೂ ಆವತ್ತೇ ಒಡೆಯಿತು. ಮನೆಯ ಹಳೇ ಬೈಬಲ್ಲಿನ ಮೊದಲ ಹಾಳೆಯಲ್ಲಿ ಹುಟ್ಟು, ಮದುವೆ, ಸಾವು ಬರೆದಿಟ್ಟಿದ್ದರು. ಮುತ್ತಜ್ಜ ಕೊಲರಾಡೋಕ್ಕೆ ಬಂದ ವರ್ಷ ಅಂತ ಅಲ್ಲಿ 1879 ಇತ್ತು. ಸೋದರತ್ತೆ ಚೀಟಿ ಬರೆಯುವಾಗ ಎರಡು ನೆನಪು ಒಂದಕ್ಕೊಂದು ಅಂಟಿಕೊಂಡಿವೆ. ಮುತ್ತಜ್ಜ ಬಂದದ್ದು ಆಗ, ಕೋವಿ ಬಂದದ್ದು ಹದಿನೈದು ವರ್ಷ ಈಚೆಗೆ. ದನದ ಹಿಂಡಿನ ಮಾತು ನಿಜವೋ ಸುಳ್ಳೋ, ಕಬ್ಬಿಣ ಏನೂ ಹೇಳುವುದಿಲ್ಲ. ಅದನ್ನು ‘ಮನೆಯವರ ನೆನಪು’ ಅಂತಲೇ ದಾಖಲಿಸಿದೆವು.

ವಿಮೆಯ ಮೊತ್ತ ಇಳಿಯಿತು. ಮಗ ಒಂದಷ್ಟು ದಿನ ಮುಖ ಗಂಟು ಹಾಕಿಕೊಂಡಿದ್ದ. ಆದರೆ 1898ರ ಗೆರೆಯೊಳಗೆ ಬಂದದ್ದರಿಂದ ಕಾಗದಪತ್ರಕ್ಕೆ ತೊಂದರೆಯಾಗಲಿಲ್ಲ. ಗುರಿಕಡ್ಡಿ ಬದಲಿಸಿ ಮೂಲದ ಥರದ್ದು ಹಾಕೋಣ ಅಂತ ಯಾರೋ ಹೇಳಿದರು. ತಾಮ್ರದ ಚೂರೇ ಇರಲಿ ಅಂದೆವು. ಈಗ ಗಾಜಿನ ಪೆಟ್ಟಿಗೆಯಲ್ಲಿ ಕೋವಿಯ ಬಾಯಿ ನೋಡುವವರ ಕಡೆಗೆ ಹತ್ತಿರವಾಗಿದೆ, ಅರದ ಗೆರೆ ಕಾಣುವ ಹಾಗೆ ಸಣ್ಣ ದೀಪ ಹಾಕಿದೆ. ಹೊಸ ಚೀಟಿಯಲ್ಲಿ ಕಾಲುವೆ, ಹ್ಯಾಕ್ಸಾ, ಲಾಂದ್ರ ಹಿಡಿದ ಹುಡುಗಿ ಮೂರೂ ಇವೆ. ಸೋದರತ್ತೆಯ ಹಳೇ ಚೀಟಿಯನ್ನು ಬಿಸಾಕಲಿಲ್ಲ, ಫೈಲಿನಲ್ಲಿ ಇಟ್ಟಿದ್ದೇವೆ.

ಅದೇ ಫೈಲಿನಲ್ಲಿ ‘ಇದು 1873 ಅಲ್ಲ, 1892’ ಅಂತ ನಾನು ಬರೆದ ಈಮೇಲೂ ಇದೆ. ಅದನ್ನು ತೆಗೆದುಬಿಡಿ ಅಂತ ಕ್ಯುರೇಟರ್ ಹತ್ತಿರ ಎರಡು ಸಲ ಕೇಳಿದೆ. ಅತ್ತೆಯ ಚೀಟಿ ಇಟ್ಟಿದ್ದೀವಲ್ಲ, ನಿಮ್ಮದೂ ಇರಲಿ ಅಂದರು.